ಒಂದೇ ವರದಿ, ಮೂರು ತಂತ್ರಾಂಶ: ಆಯ್ಕೆಯನ್ನು ವಿದ್ಯಾರ್ಥಿಗೇ ಬಿಟ್ಟರೆ ಏನು ಉಳಿಯುತ್ತದೆ, ಏನು ಕೆಡುತ್ತದೆ

"ಹೋಮ್ ಟ್ಯಾಬ್‌ಗೆ ಹೋಗಿ, ಎಡದಿಂದ ಮೂರನೇ ಗುಂಡಿ ಒತ್ತಿ" ಎಂದು ಹೋಮ್‌ವರ್ಕ್ ಹಾಳೆಯಲ್ಲಿ ಬರೆದ ಕ್ಷಣಕ್ಕೇ ವಿದ್ಯಾರ್ಥಿಯ ಆಯ್ಕೆ ಮುಗಿಯಿತು. ಆ ಗುಂಡಿ ಇರುವುದು ಒಂದು ಕಂಪನಿಯ ಒಂದು ಆವೃತ್ತಿಯಲ್ಲಿ ಮಾತ್ರ. ಅದರ ಬದಲು "ಅಧ್ಯಾಯದ ಹೆಸರುಗಳಿಗೆ ಹೆಡಿಂಗ್ 1 ಶೈಲಿ ಕೊಡಿ, ಪರಿವಿಡಿ ತಾನಾಗಿ ಮೂಡಬೇಕು" ಎಂದು ಬರೆದರೆ ಸಾಕು. ಅದೇ ಕೆಲಸವನ್ನು ಒಬ್ಬಳು ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಮಾಡುತ್ತಾಳೆ, ಇನ್ನೊಬ್ಬ ಲಿಬ್ರೆ ಆಫೀಸ್ ರೈಟರ್‌ನಲ್ಲಿ, ಮತ್ತೊಬ್ಬ ಗೂಗಲ್ ಡಾಕ್ಸ್‌ನಲ್ಲಿ. ಶಾಲೆ ನಿಗದಿ ಮಾಡಬೇಕಾದದ್ದು ತಂತ್ರಾಂಶವನ್ನಲ್ಲ, ಕೈಗೆ ಬರಬೇಕಾದ ಕಡತದ ಸ್ವರೂಪವನ್ನು. ಈ ಹೋಲಿಕೆ ನಿಂತಿರುವುದು ಇದೇ ನಿಲುವಿನ ಮೇಲೆ. ಯಾವುದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮುಚ್ಚಿಟ್ಟು ಸ್ವಾತಂತ್ರ್ಯದ ಮಾತಾಡಿದರೆ ಪ್ರಯೋಜನವಿಲ್ಲ, ಹಾಗಾಗಿ ತೊಡಕುಗಳಿಂದಲೇ ಶುರು ಮಾಡೋಣ.

ಪರೀಕ್ಷೆಗೆ ಇಟ್ಟುಕೊಂಡದ್ದು ಹನ್ನೆರಡು ಪುಟದ ಒಂದು ವಿಜ್ಞಾನ ಪ್ರಾಜೆಕ್ಟ್ ವರದಿ. ಅದರಲ್ಲಿ ಪರಿವಿಡಿ, ಎರಡು ಕೋಷ್ಟಕ, ನಾಲ್ಕು ಚಿತ್ರ, ಅಡಿಟಿಪ್ಪಣಿ, ಒಂದು ಸಮೀಕರಣ ಮತ್ತು ಪುಟಸಂಖ್ಯೆ ಇವೆ. ಒಂದು ತಂತ್ರಾಂಶದಲ್ಲಿ ಬರೆದು, ಇನ್ನೆರಡರಲ್ಲಿ ತೆರೆದು ತಿದ್ದಿ, ಮತ್ತೆ ಮೊದಲನೆಯದಕ್ಕೆ ತರುವುದು ಕ್ರಮ. ತೆರೆದು ನೋಡಿದರೆ ಮಾತ್ರ ಸಾಲದು. ತಿದ್ದಿ ಉಳಿಸಿದಾಗಲೇ ನಿಜ ಹೊರಬೀಳುತ್ತದೆ.

ಪುಟ ಏಕೆ ಜರುಗುತ್ತದೆ

ಮೂರರ ನಡುವೆ ಕಡತ ಓಡಾಡಿದಾಗ ಮೊದಲು ಕಣ್ಣಿಗೆ ಬೀಳುವುದು ಪುಟ ಜರುಗುವುದು. ಒಂಬತ್ತನೇ ಪುಟದ ಚಿತ್ರ ಹತ್ತಕ್ಕೆ ಹಾರುತ್ತದೆ, ಕೋಷ್ಟಕದ ಕೊನೆಯ ಸಾಲು ಮುಂದಿನ ಪುಟದಲ್ಲಿ ಒಂಟಿಯಾಗಿ ಉಳಿಯುತ್ತದೆ. ಇದಕ್ಕೆ ತಂತ್ರಾಂಶವನ್ನು ಬೈಯುವುದು ರೂಢಿ. ಬಹುತೇಕ ಸಲ ಕಾರಣ ಅಕ್ಷರದ ಅಗಲ. ವರ್ಡ್‌ನಲ್ಲಿ 2007ರಿಂದ ಬಹುಕಾಲ ತಾನಾಗಿ ಬರುತ್ತಿದ್ದ ಫಾಂಟ್ ಕ್ಯಾಲಿಬ್ರಿ. ಅದಕ್ಕೆ ಜೋಡಿಯಾಗಿ ಲಿಬ್ರೆ ಆಫೀಸ್ ಕಾರ್ಲಿಟೊ ಎಂಬ ಫಾಂಟನ್ನು ಜೊತೆಯಲ್ಲೇ ತರುತ್ತದೆ. ಎರಡರಲ್ಲೂ ಪ್ರತಿ ಅಕ್ಷರದ ಅಗಲ ಒಂದೇ, ಆದ್ದರಿಂದ ಸಾಲು ಮುರಿಯುವ ಜಾಗವೂ ಒಂದೇ. ಏರಿಯಲ್ ಮತ್ತು ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಶನ್ ಸ್ಯಾನ್ಸ್ ಮತ್ತು ಲಿಬರೇಶನ್ ಸೆರಿಫ್ ಇದೇ ರೀತಿಯ ಜೋಡಿಗಳು. ಈಚಿನ ವರ್ಡ್ ಆಪ್ಟೋಸ್ ಎಂಬ ಹೊಸ ಫಾಂಟಿಗೆ ಬದಲಾಗಿದೆ, ಕಾರ್ಲಿಟೊ ಅದರ ಅಳತೆಗೆ ಕೂಡುವುದಿಲ್ಲ. ಆಪ್ಟೋಸ್‌ನಲ್ಲಿ ಬರೆದ ಹನ್ನೆರಡು ಸಾಲಿನ ಪ್ಯಾರಾ ಬೇರೆ ಯಂತ್ರದಲ್ಲಿ ಹದಿಮೂರು ಸಾಲಾದರೆ ಅಚ್ಚರಿಯಿಲ್ಲ, ಅಲ್ಲಿಂದ ಮುಂದಿನದೆಲ್ಲ ಕೆಳಗೆ ಸರಿಯುತ್ತದೆ.

ಎರಡನೇ ಕಾರಣ ಕಾಗದದ ಅಳತೆ. ಎ4 ಎಂದರೆ 210 × 297 ಮಿಲಿಮೀಟರ್, ಲೆಟರ್ ಎಂದರೆ ಸುಮಾರು 216 × 279. ಒಬ್ಬರ ಕಡತ ಲೆಟರ್‌ನಲ್ಲಿದ್ದು ಇನ್ನೊಬ್ಬರದು ಎ4ನಲ್ಲಿದ್ದರೆ ಪುಟಗಳ ಎಣಿಕೆ ತಾಳೆಯಾಗುವುದೇ ಇಲ್ಲ. ಹಾಗಾಗಿ ಹೋಮ್‌ವರ್ಕ್ ಹಾಳೆಯ ತಲೆಯಲ್ಲೇ ಬರೆಯಿರಿ: ಕಾಗದ ಎ4, ನಾಲ್ಕೂ ಕಡೆ ಅಂಚು 2.5 ಸೆಂಟಿಮೀಟರ್, ಫಾಂಟ್ ಟೈಮ್ಸ್ ನ್ಯೂ ರೋಮನ್ ಅಥವಾ ಲಿಬರೇಶನ್ ಸೆರಿಫ್, ಅಳತೆ 12. ಇಷ್ಟು ಬರೆದರೆ ಪುಟ ಜರುಗುವ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ.

ಚಿತ್ರದ ವಿಷಯದಲ್ಲಿ ಒಂದೇ ನಿಯಮ. ಚಿತ್ರವನ್ನು ಪಠ್ಯದ ಸಾಲಿನೊಳಗೇ ಕೂರಿಸಬೇಕು. ವರ್ಡ್‌ನಲ್ಲಿ ಇದರ ಹೆಸರು 'ಇನ್ ಲೈನ್ ವಿತ್ ಟೆಕ್ಸ್ಟ್', ರೈಟರ್‌ನಲ್ಲಿ 'ಆ್ಯಂಕರ್, ಆ್ಯಸ್ ಕ್ಯಾರೆಕ್ಟರ್', ಗೂಗಲ್ ಡಾಕ್ಸ್‌ನಲ್ಲಿ 'ಇನ್ ಲೈನ್'. ಹೀಗಿಟ್ಟ ಚಿತ್ರ ಒಂದು ದೊಡ್ಡ ಅಕ್ಷರದಂತೆ ವರ್ತಿಸುತ್ತದೆ, ಮೂರರಲ್ಲೂ ತನ್ನ ಸಾಲಿನಲ್ಲೇ ಇರುತ್ತದೆ. ಪಠ್ಯದ ಮೇಲೆ ತೇಲುವಂತೆ ಇಟ್ಟ ಚಿತ್ರ, ಬಾಣದ ಗುರುತು, ಚಿತ್ರದ ಮೇಲೆ ಪ್ರತ್ಯೇಕವಾಗಿ ಇಟ್ಟ ಟೆಕ್ಸ್ಟ್ ಬಾಕ್ಸ್ ಇವು ಮೊದಲು ಕೆಡುವ ಭಾಗಗಳು. ಹೂವಿನ ಭಾಗಗಳನ್ನು ಗುರುತಿಸಿದ ಚಿತ್ರ ಬೇಕೆ? ಹೆಸರು ಮತ್ತು ಬಾಣಗಳನ್ನು ಚಿತ್ರ ತಿದ್ದುವ ತಂತ್ರಾಂಶದಲ್ಲೇ ಹಾಕಿ, ಎಲ್ಲವನ್ನೂ ಒಂದೇ ಪಿಎನ್‌ಜಿ ಮಾಡಿ ಸೇರಿಸಿ.

ಪರಿವಿಡಿ ಮೂರರಲ್ಲೂ ಕೆಲಸ ಮಾಡುತ್ತದೆ, ತಲೆಬರಹಗಳಿಗೆ ಹೆಡಿಂಗ್ ಶೈಲಿ ಕೊಟ್ಟಿದ್ದರೆ ಮಾತ್ರ. ಅಕ್ಷರ ದಪ್ಪ ಮಾಡಿ ಅಳತೆ 16 ಕೊಟ್ಟದ್ದು ಕಣ್ಣಿಗಷ್ಟೇ ತಲೆಬರಹ, ಕಂಪ್ಯೂಟರಿಗೆ ಅದು ಬರಿ ಪ್ಯಾರಾ. ಅಂಥ ವರದಿಯಲ್ಲಿ ಪರಿವಿಡಿ ಖಾಲಿ ಬರುತ್ತದೆ, ಯಾವ ತಂತ್ರಾಂಶವಾದರೂ ಸರಿ. ಪುಟಸಂಖ್ಯೆ ಹೊಸದಾಗಿಸಲು ವರ್ಡ್‌ನಲ್ಲಿ ಪರಿವಿಡಿಯ ಮೇಲೆ ಕ್ಲಿಕ್ ಮಾಡಿ ಎಫ್9 ಒತ್ತಬೇಕು. ರೈಟರ್‌ನಲ್ಲಿ ಬಲ ಕ್ಲಿಕ್ ಮಾಡಿ 'ಅಪ್‌ಡೇಟ್ ಇಂಡೆಕ್ಸ್' ಆರಿಸಬೇಕು. ಗೂಗಲ್ ಡಾಕ್ಸ್‌ನಲ್ಲಿ ಪರಿವಿಡಿಯ ಪಕ್ಕದ ಸುತ್ತುಬಾಣ. ಶೈಲಿ ಎಂದರೇನು ಎಂದು ಒಮ್ಮೆ ಅರ್ಥವಾದ ಮಗುವಿಗೆ ಈ ಮೂರು ದಾರಿ ಕಲಿಯಲು ಹತ್ತು ನಿಮಿಷ ಬೇಡ. ಗುಂಡಿಯ ಜಾಗ ಮಾತ್ರ ಕಲಿತ ಮಗು ಆವೃತ್ತಿ ಬದಲಾದಾಗ ಮತ್ತೆ ಮೊದಲ ಪಾಠಕ್ಕೆ ಬಂದು ನಿಲ್ಲುತ್ತದೆ.

ಸಮೀಕರಣ ಬರೆಯುವುದು ವರ್ಡ್‌ನಲ್ಲಿ ಹೆಚ್ಚು ಸಲೀಸು, ಅದನ್ನು ಒಪ್ಪಿಕೊಳ್ಳಲೇಬೇಕು. ಭಾಗಾಕಾರದ ಗೆರೆ ಹಾಕಿ ಸ್ಪೇಸ್ ಒತ್ತಿದರೆ ಭಿನ್ನರಾಶಿ ತಾನಾಗಿ ಕಟ್ಟಿಕೊಳ್ಳುತ್ತದೆ. ರೈಟರ್‌ನಲ್ಲಿ ಅಂಶ, ಛೇದಗಳನ್ನು ಪುಷ್ಪಾವರಣದಲ್ಲಿಟ್ಟು ನಡುವೆ 'ಓವರ್' ಎಂದು ಟೈಪ್ ಮಾಡಬೇಕು. ಎರಡು ದಿನದಲ್ಲಿ ಕೈಗೆ ಹತ್ತುತ್ತದೆ, ಮೊದಲ ದಿನ ಬೇಸರ ತರಿಸುತ್ತದೆ. ಗೂಗಲ್ ಡಾಕ್ಸ್‌ನ ಸಮೀಕರಣ ಪಟ್ಟಿ ಚಿಕ್ಕದು, ಗಣಿತ ತುಂಬಿದ ವರದಿಗೆ ಅದನ್ನು ಆರಿಸಬೇಡಿ ಎಂದು ಮೊದಲೇ ಹೇಳುವುದು ಒಳ್ಳೆಯದು.

ಕನ್ನಡದಂಥ ಲಿಪಿಯಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ವರ್ಡ್ ಮತ್ತು ರೈಟರ್ ಎರಡೂ ನಮ್ಮ ಲಿಪಿಯನ್ನು 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಎಂದು ಪ್ರತ್ಯೇಕ ಖಾತೆಯಲ್ಲಿಡುತ್ತವೆ. ಅದರ ಫಾಂಟ್ ಬೇರೆ, ಅಳತೆ ಬೇರೆ. ಶೈಲಿಯಲ್ಲಿ ಅಳತೆ 14 ಎಂದು ಕೊಟ್ಟರೂ ಕನ್ನಡ ಅಕ್ಷರ 12ರಲ್ಲೇ ಕೂತಿದ್ದರೆ ಕಾರಣ ಇದೇ. ರೈಟರ್‌ನಲ್ಲಿ 'ಟೂಲ್ಸ್, ಆಪ್ಷನ್ಸ್' ಒಳಗೆ ಭಾಷೆಗಳ ಪುಟಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಗುರುತು ಹಾಕಿ, ಕನ್ನಡ ಆರಿಸಿ. ಆಮೇಲೆ ಶೈಲಿಯ ಫಾಂಟ್ ಪುಟದಲ್ಲಿ ಎರಡೂ ಖಾತೆಗಳು ಕಾಣುತ್ತವೆ, ಎರಡರಲ್ಲೂ ಅಳತೆ ಕೊಡಿ. ಯುನಿಕೋಡ್ (ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಬರೆದ ವರದಿಯಂತೂ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯುನಿಕೋಡ್ ಎಂಬುದು ಸಲಹೆಯಾಗಬಾರದು, ನಿಯಮವೇ ಆಗಬೇಕು.

ಮನೆಗೆ ಒಯ್ಯಬಹುದೇ

ಆಯ್ಕೆ ಎಂದರೆ ಶಾಲೆಯ ಲ್ಯಾಬಿನಲ್ಲಿ ಮೂರು ಐಕಾನ್ ಕಾಣುವುದಷ್ಟೇ ಅಲ್ಲ. ಸಂಜೆ ಮನೆಯಲ್ಲಿ, ಹಳೆಯ ಲ್ಯಾಪ್‌ಟಾಪಿನಲ್ಲಿ, ನೆಟ್ ಇಲ್ಲದಾಗಲೂ ಅದೇ ವರದಿಯನ್ನು ಮುಂದುವರಿಸಲು ಆಗಬೇಕು.

ಇಲ್ಲಿ ಲಿಬ್ರೆ ಆಫೀಸ್ ಬಹಳ ಮುಂದಿದೆ. 2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದು ದಿ ಡಾಕ್ಯುಮೆಂಟ್ ಫೌಂಡೇಶನ್ ಅಡಿಯಲ್ಲಿ ಬೆಳೆದ ಇದು ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್‌ನಲ್ಲಿ ಸಿಗುತ್ತದೆ. ಎಷ್ಟು ಯಂತ್ರಗಳಿಗಾದರೂ ಹಾಕಬಹುದು, ಪೆನ್‌ಡ್ರೈವ್‌ನಲ್ಲಿ ಗೆಳೆಯರಿಗೆ ಕೊಡಬಹುದು, ಒಳಗಿನ ಕೋಡ್ ಓದಬಹುದು. ವಿಂಡೋಸ್‌ನಲ್ಲಿ ಅದು ಕೇಳುವ ಕನಿಷ್ಠ ಮೆಮೊರಿ 256 ಎಂಬಿ, ಡಿಸ್ಕ್‌ನಲ್ಲಿ ಸುಮಾರು 1.5 ಜಿಬಿ. ಅಡ್ಮಿನ್ ಪಾಸ್‌ವರ್ಡ್ ಇಲ್ಲದ ಯಂತ್ರದಲ್ಲಿ ಮಾಮೂಲಿ ಇನ್‌ಸ್ಟಾಲರ್ ನಡೆಯುವುದಿಲ್ಲ. ಪೋರ್ಟಬಲ್ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಬಿಚ್ಚಿಕೊಂಡು ಅಲ್ಲಿಂದಲೇ ಓಡಿಸಬಹುದು, ತೆರೆಯಲು ಒಂದಿಷ್ಟು ನಿಧಾನ. ಶಾಲೆ ಇದನ್ನು ಕಲಿಸಿದರೆ ಮನೆಯವರ ಮೇಲೆ ಯಾವ ಹೊರೆಯೂ ಬೀಳುವುದಿಲ್ಲ. ನನ್ನ ಮಟ್ಟಿಗೆ ಇದೊಂದೇ ಅಂಶ ಉಳಿದ ಎಷ್ಟೋ ಕೊರತೆಗಳನ್ನು ತೂಗಿಬಿಡುತ್ತದೆ.

ವರ್ಡ್‌ನ ಪೂರ್ಣ ಆವೃತ್ತಿಗೆ ಪರವಾನಗಿ ಬೇಕು. ಶಾಲೆಗಳಿಗೆ ಉಚಿತವಾಗಿ ಸಿಗುವ ಮೈಕ್ರೋಸಾಫ್ಟ್‌ನ ಎ1 ಯೋಜನೆಯಲ್ಲಿ ಬರುವುದು ಬ್ರೌಸರಿನಲ್ಲಿ ನಡೆಯುವ ವರ್ಡ್. ಲ್ಯಾಬಿನಲ್ಲಿ ಪೂರ್ಣ ವರ್ಡ್ ಕಲಿತ ಮಗು ಮನೆಯಲ್ಲಿ ಬ್ರೌಸರ್ ವರ್ಡ್ ತೆರೆದರೆ ಅರ್ಧ ಮೆನು ಕಾಣುವುದಿಲ್ಲ. ಹೆಸರು ಒಂದೇ ಆದರೂ ಪಾಠ ಹೇಳುವಾಗ ಇವು ಎರಡು ಬೇರೆ ತಂತ್ರಾಂಶಗಳೆಂದೇ ಲೆಕ್ಕ.

ಗೂಗಲ್ ಡಾಕ್ಸ್‌ಗೆ ಬೇಕಾದದ್ದು ಖಾತೆ, ಬ್ರೌಸರ್ ಮತ್ತು ನೆಟ್. ನೆಟ್ ಇಲ್ಲದೆ ಬರೆಯಲು ಕ್ರೋಮ್ ಅಥವಾ ಎಡ್ಜ್‌ನಲ್ಲಿ ಆಫ್‌ಲೈನ್ ಸೌಲಭ್ಯವನ್ನು ಮೊದಲೇ, ನೆಟ್ ಇರುವಾಗಲೇ, ತೆರೆದಿಟ್ಟಿರಬೇಕು. ಎಲ್ಲರೂ ಮರೆಯುವುದು ಇದನ್ನೇ. ನಾಲ್ವರು ಒಟ್ಟಿಗೆ ಒಂದೇ ವರದಿ ಬರೆಯುವಾಗ ಮಾತ್ರ ಇದರ ಹತ್ತಿರ ಬರುವಂಥದ್ದು ಕಡಿಮೆ. ಯಾರು ಯಾವ ಸಾಲು ಬರೆದರು ಎಂಬುದು ಆವೃತ್ತಿ ಇತಿಹಾಸದಲ್ಲಿ ಉಳಿಯುತ್ತದೆ, ಗುಂಪಿನ ಕೆಲಸಕ್ಕೆ ಅಂಕ ಕೊಡುವ ಶಿಕ್ಷಕರಿಗೆ ಅದು ದೊಡ್ಡ ಆಸರೆ.

ಮಕ್ಕಳು ಪದೇ ಪದೇ ಮೋಸಹೋಗುವ ಒಂದು ಜಾಗವನ್ನು ಹತ್ತಿರದಿಂದ ನೋಡಬೇಕು. ಗೂಗಲ್ ಡ್ರೈವ್ ಅನ್ನು ಕಂಪ್ಯೂಟರಿಗೆ ಜೋಡಿಸಿಕೊಂಡಾಗ ಫೋಲ್ಡರಿನಲ್ಲಿ 'ವರದಿ.ಜಿಡಾಕ್' ಎಂಬ ಕಡತ ಕಾಣುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಕ್ಷಣದಲ್ಲಿ ಮುಗಿಯುತ್ತದೆ, ಏಕೆಂದರೆ ಅದರೊಳಗೆ ವರದಿಯ ಒಂದು ಅಕ್ಷರವೂ ಇಲ್ಲ. ಇರುವುದು ನೆಟ್‌ನಲ್ಲಿರುವ ವರದಿಗೆ ಒಂದು ಕೊಂಡಿ. ಕಡತದ ತೂಕ ನೋಡಿದರೆ ಸಾಕು, ನಾಲ್ಕು ಚಿತ್ರಗಳಿರುವ ವರದಿ ಒಂದು ಕೆಬಿಗಿಂತ ಕಡಿಮೆ ತೂಗಲಾರದು. ಸಲ್ಲಿಸುವ ಮುನ್ನ 'ಫೈಲ್, ಡೌನ್‌ಲೋಡ್' ಮೂಲಕ ಪಿಡಿಎಫ್ ಅಥವಾ ಒಡಿಟಿ (ರೈಟರ್‌ನ ಕಡತ ಸ್ವರೂಪ) ಆಗಿ ಇಳಿಸಿಕೊಳ್ಳಲೇಬೇಕು.

ಇನ್ನೊಂದು ಮಾತು. ಖಾತೆ ತೆರೆಯಲು ಇಷ್ಟವಿಲ್ಲದ ವಿದ್ಯಾರ್ಥಿಗೂ, ಪೋಷಕರಿಗೂ ಬಾಗಿಲು ತೆರೆದಿರಬೇಕು. ತನ್ನ ಬರಹವನ್ನು ಒಂದು ಕಂಪನಿಯ ಸರ್ವರಿನಲ್ಲಿ ಇಡುವುದಿಲ್ಲ ಎನ್ನುವುದು ಮೊಂಡುತನವಲ್ಲ. ಪೆನ್‌ಡ್ರೈವ್‌ನಲ್ಲಿ ಪಿಡಿಎಫ್ ತಂದುಕೊಟ್ಟರೂ ಅದೇ ಅಂಕ ಸಿಗಬೇಕು.

ಲೆಕ್ಕದ ಹಾಳೆ

ಮೈಕ್ರೋಸಾಫ್ಟ್‌ನ ಎಕ್ಸೆಲ್, ಲಿಬ್ರೆ ಆಫೀಸ್‌ನ ಕ್ಯಾಲ್ಕ್, ಗೂಗಲ್ ಶೀಟ್ಸ್ ನಡುವೆ ಕೂಡುವುದು, ಸರಾಸರಿ, ಷರತ್ತಿನ ಸೂತ್ರ ಯಾವುದೂ ಕೆಡುವುದಿಲ್ಲ. ಕೆಡುವುದು ಹೊಸ ಸೂತ್ರಗಳು. ಎಕ್ಸ್‌ಲುಕಪ್ ಸೂತ್ರ (ಪಟ್ಟಿಯಲ್ಲಿ ಹುಡುಕಿ ಅದಕ್ಕೆ ಜೋಡಿಯಾದ ಮೌಲ್ಯ ತರುವುದು) ಲಿಬ್ರೆ ಆಫೀಸ್‌ಗೆ ಬಂದದ್ದು 24.8ನೇ ಆವೃತ್ತಿಯಲ್ಲಿ, 2024ರಲ್ಲಿ. ಫಿಲ್ಟರ್, ಸಾರ್ಟ್, ಯುನೀಕ್ ಸೂತ್ರಗಳೂ ಅದರಲ್ಲೇ ಬಂದವು. ಅದಕ್ಕಿಂತ ಹಳೆಯ ಕ್ಯಾಲ್ಕ್‌ನಲ್ಲಿ ತೆರೆದು ಮರುಲೆಕ್ಕ ಮಾಡಿಸಿದರೆ ಹೆಸರು ಗೊತ್ತಿಲ್ಲ ಎಂಬ ದೋಷ ಬರುತ್ತದೆ. ಎಕ್ಸೆಲ್ 2019ರಲ್ಲೂ ಎಕ್ಸ್‌ಲುಕಪ್ ಇಲ್ಲ. ಎಲ್ಲರೂ ಒಂದೇ ಕಂಪನಿಯ ತಂತ್ರಾಂಶ ಬಳಸಿದರೆ ತೊಂದರೆಯೇ ಇರುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು, ಆವೃತ್ತಿ ಬೇರೆಯಾದರೆ ಅಲ್ಲೂ ಇದೇ ಗತಿ. ತರಗತಿಯಲ್ಲಿ ಇಂಡೆಕ್ಸ್ ಮತ್ತು ಮ್ಯಾಚ್ ಜೋಡಿಯನ್ನು ಕಲಿಸಿದರೆ ಎಲ್ಲ ಕಡೆ ನಡೆಯುತ್ತದೆ.

ಮ್ಯಾಕ್ರೊ (ಹಾಳೆಯೊಳಗೆ ತಾನಾಗಿ ಕೆಲಸ ಮಾಡುವ ಕೋಡ್) ಇರುವ ಕಡತಕ್ಕೆ ಮಾತ್ರ ಸ್ವಾತಂತ್ರ್ಯ ಇಲ್ಲವೆಂದೇ ತಿಳಿಯಿರಿ. ಎಕ್ಸೆಲ್‌ನ ವಿಬಿಎ ಕೋಡ್ ಕ್ಯಾಲ್ಕ್‌ನಲ್ಲಿ ಸ್ವಲ್ಪ ಮಟ್ಟಿಗೆ ಓಡುತ್ತದೆ, ಗೂಗಲ್ ಶೀಟ್ಸ್‌ನಲ್ಲಿ ಓಡುವುದೇ ಇಲ್ಲ, ಅಲ್ಲಿರುವುದು ಜಾವಾಸ್ಕ್ರಿಪ್ಟ್ ಮೇಲೆ ನಿಂತ ಬೇರೆ ವ್ಯವಸ್ಥೆ. ಪಾಠದ ಹಾಳೆಗಳಲ್ಲಿ ಮ್ಯಾಕ್ರೊ ಬೇಡ. ದಿನಾಂಕವನ್ನು 2025-04-03 ಎಂಬ ಕ್ರಮದಲ್ಲಿ ಬರೆಸಿ. 03/04 ಎಂದು ಬರೆದರೆ ಯಂತ್ರದ ಭಾಷೆಯ ಸೆಟ್ಟಿಂಗ್ ನೋಡಿ ಒಂದು ಕಡೆ ಏಪ್ರಿಲ್ 3, ಇನ್ನೊಂದು ಕಡೆ ಮಾರ್ಚ್ 4 ಆಗುತ್ತದೆ, ಗ್ರಾಫ್ ತಲೆಕೆಳಗಾದಾಗಲೇ ಗೊತ್ತಾಗುವುದು.

ಪೈಥಾನ್ ಬರೆಯಲು ಯಾವುದು

ಇಲ್ಲಿ ಆಯ್ಕೆ ಬಿಡುವುದು ಇನ್ನೂ ಸುಲಭ, ಏಕೆಂದರೆ ಕೊನೆಗೆ ಕೈಗೆ ಬರುವುದು ಬರಿ ಪಠ್ಯದ ಕಡತ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಎಡಿಟರುಗಳಾದ ಥಾನಿ, ಐಡಲ್, ವಿಎಸ್ ಕೋಡ್ ಮೂರನ್ನೂ ಪಕ್ಕಪಕ್ಕ ಇಟ್ಟರೆ ಹೊಸಬರಿಗೆ ಥಾನಿಯೇ ಮೇಲು. ಎಸ್ಟೋನಿಯದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇದು ಪೈಥಾನನ್ನು ತನ್ನೊಳಗೇ ಇಟ್ಟುಕೊಂಡು ಬರುತ್ತದೆ, ಬೇರೆ ಏನೂ ಹಾಕಬೇಕಿಲ್ಲ. ಕಂಟ್ರೋಲ್ ಹಿಡಿದು ಎಫ್5 ಒತ್ತಿ, ಆಮೇಲೆ ಎಫ್7 ಒತ್ತುತ್ತ ಹೋದರೆ ಒಂದು ಸಾಲಿನ ಒಳಗಿನ ಲೆಕ್ಕ ಹಂತಹಂತವಾಗಿ ಬಿಚ್ಚಿಕೊಳ್ಳುತ್ತದೆ. ಫಂಕ್ಷನ್ ಕರೆದಾಗ ಅದಕ್ಕೆ ಪ್ರತ್ಯೇಕ ಕಿಟಕಿಯೇ ತೆರೆಯುತ್ತದೆ. ತನ್ನನ್ನು ತಾನೇ ಕರೆಯುವ ಫಂಕ್ಷನ್ ವಿವರಿಸಲು ಇದಕ್ಕಿಂತ ಒಳ್ಳೆಯ ಸಾಧನ ತರಗತಿಗೆ ಬೇಕಿಲ್ಲ.

ಐಡಲ್ ವಿಂಡೋಸ್‌ನಲ್ಲಿ ಪೈಥಾನ್ ಜೊತೆಗೇ ಬರುತ್ತದೆ, ಸರಳ, ಮಂಕು ಯಂತ್ರದಲ್ಲೂ ಓಡುತ್ತದೆ. ವಿಎಸ್ ಕೋಡ್ ಶಕ್ತಿಶಾಲಿ, ಆದರೆ ಪೈಥಾನ್ ಬೇರೆ ಹಾಕಬೇಕು, ಎಕ್ಸ್‌ಟೆನ್ಷನ್ ಬೇರೆ ಹಾಕಬೇಕು, ಪೈಥಾನ್ ಇರುವ ದಾರಿ ಸಿಗದಿದ್ದರೆ ಮೊದಲ ಪಾಠ ಅಲ್ಲೇ ನಿಲ್ಲುತ್ತದೆ. ಉತ್ತರವನ್ನೇ ತುಂಬಿಸಿಕೊಡುವ ಕೃತಕ ಬುದ್ಧಿಮತ್ತೆಯ ಸಲಹೆಯನ್ನೂ ಆರಿಸಿಡಬೇಕು. ವಿಂಡೋಸ್ 7 ಇನ್ನೂ ಓಡುತ್ತಿರುವ ಯಂತ್ರವಿದ್ದರೆ ಅಲ್ಲಿ ನಡೆಯುವ ಕೊನೆಯ ಅಧಿಕೃತ ಪೈಥಾನ್ 3.8. ಪೈಥಾನ್ ಭಾಷೆಗೆ ಮ್ಯಾಚ್ ಹೇಳಿಕೆ ಬಂದದ್ದು 3.10ರಲ್ಲಿ, ಆ ಯಂತ್ರದಲ್ಲಿ ಅದು ಸಿಂಟ್ಯಾಕ್ಸ್ ದೋಷ. ಹೋಮ್‌ವರ್ಕ್‌ನಲ್ಲಿ ಎಡಿಟರಿನ ಹೆಸರಿನ ಬದಲು ಪೈಥಾನ್‌ನ ಕನಿಷ್ಠ ಆವೃತ್ತಿ ಬರೆಯಿರಿ.

ಮನೆಯಲ್ಲಿ ಲಿನಕ್ಸ್ (ವಿಂಡೋಸ್‌ನಂಥದೇ ಇನ್ನೊಂದು ಕಾರ್ಯವ್ಯವಸ್ಥೆ), ಶಾಲೆಯಲ್ಲಿ ವಿಂಡೋಸ್ ಇದ್ದಾಗ ಮೂರು ಕಡೆ ಎಡವುತ್ತಾರೆ. ಕನ್ನಡವಿರುವ ಪಠ್ಯ ಕಡತ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಉಳಿಸುವ ಕ್ರಮ) ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಲಿನಕ್ಸ್‌ನಲ್ಲಿ ಓಡಿದ ಪ್ರೋಗ್ರಾಂ ವಿಂಡೋಸ್‌ನಲ್ಲಿ ದೋಷ ಕೊಡುತ್ತದೆ, ಇಲ್ಲವೇ ಕಸದಂಥ ಅಕ್ಷರ ತೋರಿಸುತ್ತದೆ. ಕಡತದ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ವಿಂಡೋಸ್‌ಗೆ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ನೋಟ್‌ಪ್ಯಾಡ್‌ನಲ್ಲಿ ಟ್ಯಾಬ್ ಒತ್ತಿ ಬರೆದ ಸಾಲು, ಐಡಲ್‌ನಲ್ಲಿ ನಾಲ್ಕು ಸ್ಪೇಸ್ ಬಿದ್ದ ಸಾಲು ಒಂದೇ ಬ್ಲಾಕಿನಲ್ಲಿ ಬೆರೆತರೆ ಟ್ಯಾಬ್ ದೋಷ. ಕಣ್ಣಿಗೆ ಎರಡೂ ಒಂದೇ ತರಹ ಕಾಣುವುದರಿಂದ ಮಗು ಗಂಟೆಗಟ್ಟಲೆ ಹುಡುಕುತ್ತದೆ.

ಚಿತ್ರ ತಿದ್ದಲು ಗಿಂಪ್, ಕ್ರಿಟಾ, ಫೋಟೊಶಾಪ್ ಯಾವುದನ್ನಾದರೂ ಬಿಡಿ. ಸಲ್ಲಿಸುವುದು ಪಿಎನ್‌ಜಿ, ಗೆರೆಚಿತ್ರವಾದರೆ ಎಸ್‌ವಿಜಿ, ಎಂದು ಹೇಳಿದರೆ ಸಾಕು.

ಯಂತ್ರದ ಮಟ್ಟದಲ್ಲಿ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 (ಯಂತ್ರದೊಳಗಿನ ಭದ್ರತಾ ಚಿಪ್), 4 ಜಿಬಿ ಮೆಮೊರಿ, 64 ಜಿಬಿ ಡಿಸ್ಕ್ ಕೇಳುತ್ತದೆ, ಲ್ಯಾಬಿನ ಎಷ್ಟೋ ಹಳೆಯ ಯಂತ್ರಗಳು ಇದರಲ್ಲಿ ಸೋಲುತ್ತವೆ. ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್ 2 ಜಿಬಿ ಮೆಮೊರಿಯಲ್ಲಿ ಶುರುವಾಗುತ್ತದೆ, 4 ಇದ್ದರೆ ಹಿತ, ಡಿಸ್ಕ್ 20 ಜಿಬಿ ಸಾಕು. 8 ಜಿಬಿ ಪೆನ್‌ಡ್ರೈವ್‌ಗೆ ಬರೆದುಕೊಂಡು, ಡಿಸ್ಕ್ ಮುಟ್ಟದೆ ಓಡಿಸಿ ವೈಫೈ, ಪ್ರಿಂಟರ್, ಧ್ವನಿ ಮೂರನ್ನೂ ಪರೀಕ್ಷಿಸಬಹುದು. ಆದರೆ ಪರೀಕ್ಷೆಯ ದಿನ ಒಂದು ಗೋಡೆ ಎದುರಾಗುತ್ತದೆ: ಸೇಫ್ ಎಕ್ಸಾಮ್ ಬ್ರೌಸರ್ (ಪರೀಕ್ಷೆ ಬರೆಯುವಾಗ ಬೇರೇನೂ ತೆರೆಯದಂತೆ ತಡೆಯುವ ತಂತ್ರಾಂಶ) ವಿಂಡೋಸ್, ಮ್ಯಾಕ್, ಐಪ್ಯಾಡ್‌ಗಳಿಗೆ ಮಾತ್ರ ಇದೆ, ಲಿನಕ್ಸ್‌ಗೆ ಇಲ್ಲ. ಅದನ್ನು ಬಳಸುವ ಶಾಲೆ ಲಿನಕ್ಸ್ ಆರಿಸಿದ ಮಕ್ಕಳಿಗಾಗಿ ಲ್ಯಾಬಿನಲ್ಲಿ ಯಂತ್ರ ಕಾಯ್ದಿರಿಸಬೇಕು, ಅದನ್ನು ವರ್ಷದ ಮೊದಲೇ ತಿಳಿಸಬೇಕು.

ಸಲ್ಲಿಕೆ, ತಿದ್ದುಪಡಿ

ನಲವತ್ತು ಮಕ್ಕಳು, ಮೂರು ತಂತ್ರಾಂಶ, ಒಬ್ಬರೇ ಶಿಕ್ಷಕರು. ಈ ಅಂಜಿಕೆ ನ್ಯಾಯವಾದದ್ದು. ಇದಕ್ಕೆ ಎರಡು ಕೆಲಸ ಮಾಡಬೇಕು. ಒಂದು, ಲ್ಯಾಬಿನ ಗೋಡೆಗೆ ಒಂದು ಪುಟದ ಪಟ್ಟಿ: ಶೈಲಿ, ಪರಿವಿಡಿ, ಪುಟಸಂಖ್ಯೆ, ಅಡಿಟಿಪ್ಪಣಿ, ತಿದ್ದುಪಡಿ ದಾಖಲು, ಪಿಡಿಎಫ್ ಮಾಡುವುದು ಇಂಥ ಹತ್ತು ಕೆಲಸ, ಮೂರು ತಂತ್ರಾಂಶದಲ್ಲೂ ಎಲ್ಲಿದೆ ಎಂದು. ಎರಡು, ಪ್ರತಿ ವರದಿಗೂ ಎರಡು ಕಡತ: ಓದಲು ಪಿಡಿಎಫ್, ತಿದ್ದಲು ಒಡಿಟಿ ಅಥವಾ ಡಿಒಸಿಎಕ್ಸ್ (ವರ್ಡ್‌ನ ಕಡತ ಸ್ವರೂಪ). ಎರಡೂ ಐಎಸ್ಒ ಮಾನಕಗಳೇ, ಒಡಿಟಿ ಸೇರಿರುವ ಒಡಿಎಫ್ 2006ರಲ್ಲಿ, ಮೈಕ್ರೋಸಾಫ್ಟ್‌ನ ಸ್ವರೂಪ 2008ರಲ್ಲಿ ಅಂಗೀಕಾರವಾದದ್ದು. ಪುಟ ಜರುಗಿದೆಯೇ ಎಂಬ ಜಗಳಕ್ಕೆ ಪಿಡಿಎಫ್ ಸಾಕ್ಷಿ. ಶಿಕ್ಷಕರ ಟಿಪ್ಪಣಿಗಳು ತಿದ್ದುವ ಕಡತದಲ್ಲಿ ಇರಲಿ. ವರ್ಡ್‌ನ ಟ್ರ್ಯಾಕ್ ಚೇಂಜಸ್, ರೈಟರ್‌ನ ರೆಕಾರ್ಡ್, ಗೂಗಲ್‌ನ ಸಜೆಸ್ಟಿಂಗ್ ಡಿಒಸಿಎಕ್ಸ್ ಮೂಲಕ ಒಂದರಿಂದ ಇನ್ನೊಂದಕ್ಕೆ ಹೋಗುತ್ತವೆ.

ರೈಟರ್ ಬಳಸುವವರಿಗೆ ಇನ್ನೂ ಚೆಂದದ ದಾರಿಯಿದೆ. ಪಿಡಿಎಫ್ ಮಾಡುವ ಕಿಟಕಿಯಲ್ಲಿ 'ಹೈಬ್ರಿಡ್ ಪಿಡಿಎಫ್' ಎಂಬ ಗುರುತು ಹಾಕಿದರೆ ಒಡಿಟಿ ಕಡತ ಆ ಪಿಡಿಎಫ್‌ನ ಹೊಟ್ಟೆಯೊಳಗೇ ಕೂರುತ್ತದೆ. ಯಾರು ತೆರೆದರೂ ಓದಬಹುದು, ಲಿಬ್ರೆ ಆಫೀಸ್‌ನಲ್ಲಿ ತೆರೆದವರು ತಿದ್ದಲೂಬಹುದು. ಒಂದೇ ಕಡತ ಸಾಕು.

ಕಡತ ತೆರೆಯುವುದೇ ಇಲ್ಲ ಎಂದು ಮಗು ಅಳುಮೋರೆ ಮಾಡಿ ಬಂದರೆ ಒಂದು ಉಪಾಯ. ಒಡಿಟಿ ಮತ್ತು ಡಿಒಸಿಎಕ್ಸ್ ಎರಡೂ ವಾಸ್ತವದಲ್ಲಿ ಜಿಪ್ ಪೊಟ್ಟಣಗಳು. ಒಂದು ಪ್ರತಿ ಮಾಡಿಕೊಂಡು, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿ. ಒಡಿಟಿಯಲ್ಲಾದರೆ 'ಕಂಟೆಂಟ್', ಡಿಒಸಿಎಕ್ಸ್‌ನಲ್ಲಾದರೆ 'ವರ್ಡ್' ಫೋಲ್ಡರಿನೊಳಗೆ 'ಡಾಕ್ಯುಮೆಂಟ್' ಎಂಬ ಎಕ್ಸ್‌ಎಂಎಲ್ ಕಡತ ಸಿಗುತ್ತದೆ. ಪೊಟ್ಟಣ ಪೂರ್ತಿ ಹಾಳಾಗಿರದಿದ್ದರೆ ಬರೆದ ಮಾತುಗಳು ಅಲ್ಲಿ ಹಾಗೇ ಇರುತ್ತವೆ, ಚಿತ್ರಗಳು ಪಕ್ಕದ ಫೋಲ್ಡರಿನಲ್ಲಿ.

ಶಾಲೆ ಬಿಡುವಾಗ

ಶಾಲೆ ಕೊಟ್ಟ ಖಾತೆ ಶಾಲೆಯದು. ಮುಚ್ಚಿದ ದಿನ ಮಗುವಿನ ವರ್ಷಗಳ ಬರಹವೂ ಹೋಗುತ್ತದೆ. ಕೊನೆಯ ವರ್ಷದ ಮಕ್ಕಳಿಗೆ ಖಾತೆ ಮುಚ್ಚುವ ಕನಿಷ್ಠ ಒಂದು ತಿಂಗಳ ಮೊದಲು ಒಂದು ಪೀರಿಯಡ್ ಇದಕ್ಕೇ ಕೊಡಿ. ಗೂಗಲ್ ಖಾತೆಯಲ್ಲಿ 'ಟೇಕ್ಔಟ್' ತೆರೆದು, ಎಲ್ಲ ಗುರುತು ತೆಗೆದು, ಡ್ರೈವ್ ಒಂದಕ್ಕೇ ಗುರುತು ಹಾಕಿ ಇಳಿಸಿಕೊಳ್ಳಬೇಕು. ಡಾಕ್ಸ್ ಬರಹಗಳು ಡಿಒಸಿಎಕ್ಸ್ ಆಗಿ ಬರುತ್ತವೆ. ಇಳಿಸಿದ್ದಾಯಿತು ಎಂದು ಎದ್ದುಹೋಗಲು ಬಿಡಬೇಡಿ. ಜಿಪ್ ಬಿಚ್ಚಿ, ವೈಫೈ ಆರಿಸಿ, ಯಾವುದಾದರೂ ಮೂರು ಕಡತಗಳನ್ನು ಲಿಬ್ರೆ ಆಫೀಸ್‌ನಲ್ಲಿ ತೆರೆಸಿ. ಮೂರೂ ತೆರೆದುಕೊಂಡರೆ ಪೆನ್‌ಡ್ರೈವ್ ಮಗುವಿನ ಜೇಬಿಗೆ.